ಗಿಡದವನು ಮಳೆಗಾಲ ದಾಟಿದ್ದು

ತಂಗಿಯ ಮಗಳು ಮಣಿಪಾಲದಿಂದ ಬಂದವಳು ಅಂಗಳದಲ್ಲಿ ಚಪ್ಪಲಿ ಬಿಡುವ ಮೊದಲೇ ಹೇಳಿದಳು, "ದೊಡ್ಡಮ್ಮ, ಗಿಡದವನನ್ನು ತೆಗೆದುಹಾಕ್ತಾರಂತೆ."

ಕಾಪುವಿನ ನಮ್ಮ ಮನೆಯ ಜಗಲಿಯಲ್ಲಿ ಅಮ್ಮ ಮತ್ತು ನಾನು ಬೆಳಿಗ್ಗೆ ಕೊಯ್ದ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟುತ್ತಾ ಕೂತಿದ್ದೆವು. ಅಮ್ಮನ ಕೈ ಅಲ್ಲಿಯೇ ನಿಂತಿತು.

"ಯಾರನ್ನು? ಕೆಲಸದಿಂದಲಾ? ಅವನಿಗೆ ಮನೆಯಲ್ಲಿ ಮಕ್ಕಳುಂಟಾ?"

"ಮಕ್ಕಳೂ ಇಲ್ಲ, ಮನೆಯೂ ಇಲ್ಲ ಅಜ್ಜಿ. ಅವನು ಲ್ಯಾಪ್‌ಟಾಪಿನ ಒಳಗೆ ಇರುವವ."

ಅವಳೂ ಇಬ್ಬರು ಗೆಳತಿಯರೂ ಕಾಲೇಜಿನ ಕೊನೆಯ ವರ್ಷಕ್ಕೆಂದು ಒಂದು ವಿಡಿಯೋ ಗೇಮ್ ಮಾಡುತ್ತಿದ್ದರು. ಜನವಿಲ್ಲದ ಒಂದು ದ್ವೀಪ. ಅಲ್ಲಿ ಸೌದೆ ಹೆಕ್ಕಿ, ಗುಡಿಸಲು ಕಟ್ಟಿ, ಏನಾದರೂ ತಿಂದು ಜೀವ ಉಳಿಸಿಕೊಳ್ಳಬೇಕು. ಮಳೆಗಾಲ ದಾಟಿದರೆ ಗೆದ್ದ ಹಾಗೆ. ಆಡುವವರು ನಾಲ್ವರಲ್ಲಿ ಒಬ್ಬರನ್ನು ಆರಿಸಿಕೊಳ್ಳಬಹುದು. ಒಬ್ಬಳು ಮೀನಿನವಳು, ಒಬ್ಬ ಕಮ್ಮಾರ, ಒಬ್ಬ ತೆಂಗಿನ ಮರ ಹತ್ತುವವ. ನಾಲ್ಕನೆಯವನೇ ಈ ಗಿಡದವನು. ಬಳ್ಳಿ ಸುತ್ತಿಕೊಂಡ ಮೈ, ಜರಿಗಿಡದ ತಲೆಗೂದಲು. ಖುಷಿಯಾದರೆ ಕಿವಿಯ ಹಿಂದೆ ಒಂದು ಹೂ ಅರಳುತ್ತದೆ. ಅವನಿಗೆ ಅನ್ನ ಹಿಡಿಸುವುದಿಲ್ಲ. ಬಿಸಿಲು, ನೀರು ಸಾಕು. ಗಾಯವಾದರೆ ಸೆಗಣಿ ಗೊಬ್ಬರ ಹಾಕಬೇಕು.

"ಒಳ್ಳೆಯವನೇ," ಎಂದರು ಅಮ್ಮ. "ಸಾರಿಗೆ ಉಪ್ಪಿಲ್ಲ ಅಂತ ಮುಖ ತಿರುಗಿಸುವವ ಅಲ್ಲ."

ಆದರೆ ಅವನನ್ನು ಆರಿಸಿಕೊಂಡವರೆಲ್ಲ ಮಳೆಗಾಲದ ನಡುವೆಯೇ ಸೋತಿದ್ದರು. ಗೊಬ್ಬರ ಹೆಚ್ಚು ಮಾಡಿ ನೋಡಿದಳಂತೆ, ಮಳೆ ಕಡಿಮೆ ಮಾಡಿ ನೋಡಿದಳಂತೆ. ಏನು ಮಾಡಿದರೂ ಅವನು ಒಣಗುತ್ತಿದ್ದ. ಮುಂದಿನ ಶನಿವಾರ ಆಟದ ಕೊನೆಯ ಪರೀಕ್ಷೆ, ಹೊಸಬರೊಬ್ಬರಿಂದ ಆಡಿಸಿ ನೋಡುವುದು. ಅಂದೂ ಅವನು ಬದುಕದಿದ್ದರೆ ಆಟದಲ್ಲಿ ಮೂವರೇ ಸಾಕು ಎಂದು ಗೆಳತಿಯರು ಹೇಳಿದ್ದರು.

"ಉಳಿದ ಮೂವರನ್ನು ನಾವೆಲ್ಲ ಸೇರಿ ಮಾಡಿದ್ದು ದೊಡ್ಡಮ್ಮ. ಇವನನ್ನು ನಾನೊಬ್ಬಳೇ ಮಾಡಿದ್ದು," ಎಂದಳು.

ಗಿಡ ಒಣಗುತ್ತದೆ ಎಂದರೆ ನನಗೆ ಸುಮ್ಮನೆ ಕೂರಲಿಕ್ಕೆ ಆಗುವುದಿಲ್ಲ. ಹಿತ್ತಲಿನ ಮಲ್ಲಿಗೆಯ ಗಿಡಗಳಲ್ಲಿ ಒಂದರ ಎಲೆ ಹಳದಿಯಾದರೂ ಬುಡ ಕೆದಕಿ ನೋಡುವವಳು ನಾನು. "ಕೊಡು ಇಲ್ಲಿ, ನಾನು ನೋಡ್ತೇನೆ," ಎಂದೆ.

ಮೊದಲ ಅರ್ಧ ಗಂಟೆ ಗಿಡದವನು ನನ್ನ ಕೈಯಲ್ಲಿ ಮೂರು ಸಲ ಸಮುದ್ರಕ್ಕೆ ಇಳಿದ. "ದೊಡ್ಡಮ್ಮ, ಆ ಬಟನ್ ಅಲ್ಲ, ಆಚೆಯದ್ದು!" ಎಂದು ಅವಳು, "ಪಾಪ, ಅವನಿಗೆ ಈಜು ಬರ್ತದಾ ಕೇಳು," ಎಂದು ಅಮ್ಮ. ಆಮೇಲೆ ಬೆರಳುಗಳಿಗೆ ದಾರಿ ಸಿಕ್ಕಿತು. ನಾನು ಅವನಿಂದ ಒಂದು ಪಾತಿ ಮಾಡಿಸಿದೆ. ಬೀಜ ಹಾಕಿಸಿದೆ. ಮೊಳಕೆ ಬಂದಾಗ ಅವನ ಕಿವಿಯ ಹಿಂದೆ ಹೂ ಅರಳಿತು ನೋಡಿ, ನಾನು ಕೂತಲ್ಲಿಂದಲೇ ಕೂಗಿದೆ! ಅರ್ಧ ಕಟ್ಟಿದ ಮಲ್ಲಿಗೆಯ ಮಾಲೆ ಮಡಿಲಿನಿಂದ ಜಾರಿ ಬಿದ್ದದ್ದೂ ಗೊತ್ತಾಗಲಿಲ್ಲ.

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಮೋಡ ಸರಿದು ಬಿಸಿಲು ಬಂತು. ಗಿಡದವನು ಮಳೆಗಾಲ ದಾಟಿದ್ದ.

ಅವಳು ಗಂಜಿಯ ಬಟ್ಟಲು ಹಿಡಿದು ನಿಂತವಳು ಹಾಗೆಯೇ ನಿಂತಳು. "ದೊಡ್ಡಮ್ಮ, ಎಂತ ಮಾಡಿದ್ರಿ?"

"ನಾನು ಎಂತ ಮಾಡ್ಲಿಕ್ಕೆ? ಗಿಡ ನೋಡಿಕೊಂಡ ಹಾಗೆ ನೋಡಿಕೊಂಡೆ."

ಬೇರೆಯವರು ಆಡಿದ್ದೆಲ್ಲ ಅವಳ ಬಳಿ ದಾಖಲಾಗಿತ್ತು. ಅದನ್ನು ಒಂದು ಕಡೆ, ನನ್ನ ಆಟವನ್ನು ಇನ್ನೊಂದು ಕಡೆ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ಕೊನೆಗೆ ಕೇಳಿದಳು, "ಆಟದಲ್ಲಿ ಸಂಜೆಯಾದ ಕೂಡಲೇ ನೀವು ಅವನನ್ನು ಗುಡಿಸಲಿನ ಮುಂದೆ ಕೂರಿಸಿಬಿಟ್ಟಿದ್ದೀರಿ. ಒಂದು ಎಲೆಯನ್ನೂ ಕೊಯ್ಯಲಿಲ್ಲ. ಯಾಕೆ?"

"ಗುಡಿಸಲಿನಲ್ಲಿ ದೀಪ ಹೊತ್ತಿತಲ್ಲ ಮಾರಾಯ್ತಿ! ದೀಪ ಹೊತ್ತಿಸಿದ ಮೇಲೆ ಯಾರಾದರೂ ಕೊಯ್ತಾರಾ?"

ಅವಳು ಹಣೆಗೆ ಕೈ ಹೊಡೆದುಕೊಂಡಳು. ಆಟ ಶುರುಮಾಡಿದ ಮೊದಲ ವಾರದಲ್ಲಿಯೇ ಆ ನಿಯಮವನ್ನು ಬರೆದದ್ದು ಅವಳೇ. ದೀಪ ಹೊತ್ತಿದ ಮೇಲೆ ಗಿಡಗಳು ಮಲಗುತ್ತವೆ. ಆಗ ಯಾವ ಗಿಡದಿಂದ ಏನು ಕೊಯ್ದರೂ ಗಿಡದವನ ಆಯುಷ್ಯದಲ್ಲಿ ಒಂದು ಚೂರು ಹೋಗುತ್ತದೆ, ಅದು ಮತ್ತೆ ಬರುವುದಿಲ್ಲ. ಬೇರೆ ಆಟಗಾರರು ನಾಳೆಗಿರಲಿ ಎಂದು ದಿನಾ ಸಂಜೆಯೇ ಕೊಯ್ದು ರಾಶಿ ಹಾಕುತ್ತಿದ್ದರು.

"ಇದನ್ನು ಅವರಿಗೆ ಹೇಳಲಿಲ್ವಾ ನೀನು?"

"ಅದನ್ನು ಹೇಳ್ಲಿಕ್ಕುಂಟಾ ದೊಡ್ಡಮ್ಮ? ಎಲ್ಲರಿಗೂ ಗೊತ್ತಿರ್ತದೆ ಅಂತ..." ಎಂದವಳು ಅರ್ಧಕ್ಕೇ ನಿಲ್ಲಿಸಿ ನಗಲಿಕ್ಕೆ ಶುರುಮಾಡಿದಳು.

ನನಗೆ ನನ್ನ ಅಜ್ಜಿಯ ನೆನಪಾಯಿತು. ಕೆಮ್ಮಿಗೆಂದು ಮುಸ್ಸಂಜೆಯಲ್ಲಿ ಒಂದು ಕುಡಿ ತುಳಸಿ ಚಿವುಟಿದ್ದಕ್ಕೆ ಅವರು ನನ್ನನ್ನು ಕಟ್ಟೆಯ ಮುಂದೆ ನಿಲ್ಲಿಸಿ, "ನಿದ್ದೆಯಲ್ಲಿದ್ದವರ ಕೂದಲು ಎಳೆದರೆ ಹೇಗಾಗ್ತದೆ ಹೇಳು," ಎಂದು ಕೇಳಿದ್ದರು. ಅಮ್ಮ ಅದನ್ನೇ ನನ್ನ ತಂಗಿಯ ಮಗಳಿಗೂ ಹೇಳಿರಬೇಕು. ಹೀಗೆ ಬಂದ ಮಾತು ಎಲ್ಲಿಂದ ಬಂತೆಂದು ನೆನಪಿರುವುದಿಲ್ಲ. ಎಲ್ಲ ಊರಿನಲ್ಲಿಯೂ ಇದೇ ಅಂದುಕೊಳ್ಳುತ್ತೇವೆ.

ನಿಯಮವನ್ನು ಪರದೆಯ ಮೇಲೆ ಬರೆದರೆ ಯಾರೂ ಓದುವುದಿಲ್ಲ ಎಂದಳು ಅವಳು. ಆಟದಲ್ಲಿ ಒಂದು ಸ್ವರ ಬೇಕು, ಅದು ಅಜ್ಜಿಯದ್ದೇ ಆಗಬೇಕು. ಮೊಬೈಲ್ ಮುಂದೆ ಹಿಡಿದದ್ದೇ ತಡ, ಅಮ್ಮ ಸೆರಗು ಸರಿಮಾಡಿಕೊಂಡು, ಸಭೆಯಲ್ಲಿ ನಿಂತವರ ಹಾಗೆ, "ಸಾರ್ವಜನಿಕರು ದಯವಿಟ್ಟು ಸಂಜೆಯ ನಂತರ ಎಲೆಗಳನ್ನು ಕೀಳಬಾರದಾಗಿ ವಿನಂತಿ," ಎಂದರು.

"ಅಜ್ಜಿ, ಇದು ಬಸ್‌ಸ್ಟ್ಯಾಂಡ್ ಅಲ್ಲ!"

ಐದಾರು ಸಲ ಹೇಳಿಸಿದರೂ ಅದೇ ವಿನಂತಿ. ಆಗ ನನಗೊಂದು ಉಪಾಯ ಹೊಳೆಯಿತು. ಅಮ್ಮ ದೇವರಿಗೆ ದೀಪ ಇಟ್ಟು ಹೊರಗೆ ಬರುವಾಗ ನಾನು ಏನೂ ಗೊತ್ತಿಲ್ಲದವಳ ಹಾಗೆ ಬಸಳೆಯ ಚಪ್ಪರಕ್ಕೆ ಕೈ ಹಾಕಿದೆ.

"ಏ! ದೀಪ ಇಟ್ಟು ಆಯ್ತು, ಕಾಣುವುದಿಲ್ವಾ? ಮಲಗಿದ್ದನ್ನು ಎಬ್ಬಿಸ್ತೀಯಾ? ತೆಗಿ ಕೈ!"

ಬಾಗಿಲ ಹಿಂದೆ ನಿಂತಿದ್ದವಳ ಮೊಬೈಲಿನಲ್ಲಿ ಅಷ್ಟೂ ಸಿಕ್ಕಿತು. ಆ ರಾತ್ರಿಯ ಊಟದವರೆಗೆ ಅಮ್ಮ ನಮ್ಮಿಬ್ಬರ ಜೊತೆ ಮಾತಾಡಲಿಲ್ಲ.

ಶನಿವಾರ ನಾನೂ ಹೊರಟೆ. ಉಡುಪಿಯಲ್ಲಿ ಇಳಿದು ಮಣಿಪಾಲದ ಬಸ್ಸು ಹತ್ತುವಾಗ ನನ್ನ ಕೈಚೀಲದಲ್ಲಿ ಒಂದು ಡಬ್ಬಿ ಪತ್ರೊಡೆ ಇತ್ತು. ತಂಗಿಯ ಮಗಳ ಕೋಣೆಯಲ್ಲಿ ಆಡಲಿಕ್ಕೆ ಕೂತದ್ದು ಪುಣೆಯ ಒಬ್ಬಳು ಹುಡುಗಿ. ಆಟ ಇದೇ ಮೊದಲು, ಕನ್ನಡ ಬಾರದು. ನಮ್ಮವಳು ಯಾವ ಸುಳಿವನ್ನೂ ಕೊಡುವಂತಿರಲಿಲ್ಲ. ನನ್ನ ಪಕ್ಕದಲ್ಲಿ ಕೂತು ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದಳು.

ಆಟದ ಮೊದಲ ಸಂಜೆ. ಗುಡಿಸಲಿನಲ್ಲಿ ದೀಪ ಹೊತ್ತಿತು. ಹುಡುಗಿ ಎಲೆಗೆ ಕೈ ಚಾಚಿದಳು. "ಏ!" ಎಂದು ನಮ್ಮಮ್ಮ ಗದರಿದ್ದಕ್ಕೆ ಅವಳು ಕೀಬೋರ್ಡಿನಿಂದಲೇ ಎರಡೂ ಕೈ ತೆಗೆದಳು! ಮಾತಿನ ಅರ್ಥ ಕೆಳಗೆ ಇಂಗ್ಲಿಷಿನಲ್ಲಿ ಬರುತ್ತಿತ್ತು, ಆದರೆ ಅಜ್ಜಿಯ ಗದರಿಕೆಗೆ ತರ್ಜುಮೆ ಬೇಡ.

ಮಳೆ ಹಿಡಿಯಿತು. ಕೊನೆಗೆ ಬಂತು ಕೊಳೆರೋಗ. ಗಿಡದವನ ಕಾಲಿನಿಂದ ಕಪ್ಪು ಏರಲಿಕ್ಕೆ ಶುರುವಾಯಿತು. ಅದಕ್ಕೆ ಮದ್ದು ಕಹಿಬೇವಿನ ಎಲೆ. ಓಡುತ್ತಾ ಮರದ ಬುಡಕ್ಕೆ ಬಂದು ಮುಟ್ಟುವಾಗ ಸರಿಯಾಗಿ ದೀಪ ಹೊತ್ತಿತು. ರೋಗದಿಂದ ಸೊರಗಿ ಆಯುಷ್ಯ ಉಳಿದಿದ್ದದ್ದು ಉಗುರಿನಷ್ಟು. ಕೊಯ್ದರೆ ಅದೂ ಹೋಗುತ್ತದೆ. ಕೊಯ್ಯದಿದ್ದರೆ ಬೆಳಗಾಗುವುದರೊಳಗೆ ಕಪ್ಪು ಎದೆ ಮುಟ್ಟುತ್ತದೋ ಏನೋ. ಹುಡುಗಿ ತಿರುಗಿ ನಮ್ಮನ್ನು ನೋಡಿದಳು. ನಾವು ಗೋಡೆ ನೋಡಿದೆವು.

ಅವಳು ಕೈ ಕಟ್ಟಿಕೊಂಡಳು. ಗಿಡದವನು ಬೇವಿನ ಬುಡದಲ್ಲಿ ಕೂತ. ಕಪ್ಪು ಮೊಣಕಾಲಿಗೆ, ಸೊಂಟಕ್ಕೆ, ಹೊಟ್ಟೆಗೆ. ಪರದೆಯ ಮೂಲೆಯಲ್ಲಿ ಒಂದು ಕಾಗೆ ಕೂಗಿತು, ದೀಪ ಆರಿತು, ಹುಡುಗಿಯ ಕೈ ಎಲೆಗೆ ಹಾರಿತು. ಕಪ್ಪು ಇಳಿಯಿತು, ಇಳಿಯಿತು! ಮೋಡ ಸರಿದು ಬಿಸಿಲು ಬಿದ್ದಾಗ ಆ ಕಿವಿಯ ಹಿಂದೆ ಹೂ ಅರಳಿತು. ನಾವೆಲ್ಲ ಒಟ್ಟಿಗೆ ಕಿರುಚಿದ್ದಕ್ಕೆ ಪಕ್ಕದ ಕೋಣೆಯವರು ಬಾಗಿಲು ತಟ್ಟಿದರು.

"ನಾಲ್ವರೂ ಇರಲಿ," ಎಂದಳು ಗೆಳತಿಯರಲ್ಲಿ ಒಬ್ಬಳು. "ಉಳಿದ ಮೂವರಿಗೂ ಆ ಅಜ್ಜಿಯಿಂದಲೇ ಬೈಸಬಹುದಾ ಕೇಳು."

ನಮ್ಮವಳು ನಗುತ್ತಾ, ಕಣ್ಣು ಒರೆಸಿಕೊಳ್ಳುತ್ತಾ ಮನೆಗೆ ಫೋನು ಮಾಡಿದಳು. "ಅಜ್ಜಿ, ಬದುಕಿದ! ಪುಣೆಯ ಹುಡುಗಿ ಬೆಳಿಗ್ಗೆಯಿಂದ ಕೂತು ಆಡಿದ್ಳು. ನಿಮ್ಮ ಬೈಗುಳದಿಂದ ಬದುಕಿದ!"

ಅಮ್ಮ ಕೇಳಿದರು, "ಅವನಿಗೆ ಗೊಬ್ಬರ ಹಾಕಿದಿರಾ? ರೋಗ ಬಿಟ್ಟ ಮೇಲೆ ಬುಡಕ್ಕೆ ಬೀಳಬೇಕು." ಆಮೇಲೆ, "ಮತ್ತೆ ಆ ಹುಡುಗಿ ಬೆಳಿಗ್ಗೆಯಿಂದ ಕೂತಿದ್ದಾಳಲ್ಲ, ಅವಳ ಹೊಟ್ಟೆಗೆ ಎಂತಾದರೂ ಹಾಕಿದಿರಾ?"

ನಾನು ಪತ್ರೊಡೆಯ ಡಬ್ಬಿ ತೆರೆದೆ. ಪುಣೆಯ ಹುಡುಗಿ ಒಂದು ತುಂಡು ಕೈಗೆ ತೆಗೆದುಕೊಂಡವಳು, ಕೆಸುವಿನ ಎಲೆಯ ಹಸಿರು ಸುರುಳಿಯನ್ನು ತಿರುಗಿಸಿ ನೋಡಿ, ಬಾಯಿಗೆ ಹಾಕುವ ಮೊದಲು ನಮ್ಮವಳ ಕಿವಿಯಲ್ಲಿ ಏನೋ ಕೇಳಿದಳು.

"ಎಂತ ಹೇಳ್ತಾಳೆ?" ಎಂದೆ.

"ಇದನ್ನು ಯಾವ ಹೊತ್ತಿಗೆ ಕೊಯ್ದದ್ದು ಅಂತ ಕೇಳ್ತಾಳೆ ದೊಡ್ಡಮ್ಮ."