ಜಿಗಣಿಯ ಬಯಲಲ್ಲಿ ಸಿಕ್ಕ ಗುಂಡು

ಇಂಗ್ಲೆಂಡಿನಿಂದ ನಮ್ಮ ಆಫೀಸಿಗೆ ಕೆಲವು ತಿಂಗಳ ಮಟ್ಟಿಗೆ ಬಂದಿದ್ದ ಸಹೋದ್ಯೋಗಿಯೊಬ್ಬಳಿಗೆ ಬೆಂಗಳೂರಿನ ಪಕ್ಕದ ಜಿಗಣಿ ನೋಡುವ ಆಸೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಡೇರೆ ಹಾಕಿದ್ದ ಟೆರಿಟೋರಿಯಲ್ ಬೆಟಾಲಿಯನ್ನಿನಲ್ಲಿ ಅವಳ ಅಜ್ಜ ಸಿಪಾಯಿ. ಅದು ನನ್ನದೇ ಊರು. ಒಂದು ಶನಿವಾರ ಕರೆದುಕೊಂಡು ಹೋದೆ.

ದಾರಿಯಲ್ಲಿ ಆ ಬೆಟಾಲಿಯನ್ನಿನವರ ಕಥೆ ಹೇಳಿದಳು. ಗುಮಾಸ್ತರು, ಮಿಲ್ ಕೆಲಸಗಾರರು, ಅಂಗಡಿಯವರು; ರಜೆಯ ದಿನ ಕವಾಯತು ಮಾಡುತ್ತಿದ್ದವರು. ಯುದ್ಧ ಬಂದಾಗ ಫ್ರಾನ್ಸಿಗೆ ಹೋಗಿ, ಸೋತು, ಸಮುದ್ರದ ದಂಡೆಯಿಂದ ದೋಣಿ ಹತ್ತಿ ಮರಳಿದರು. ಆಮೇಲೆ ಅವರನ್ನು ಇಂಡಿಯಾಕ್ಕೆ ಸಾಗಿಸಿ, ಕಾಡಿನ ಯುದ್ಧ ಕಲಿಯಲು ನಮ್ಮ ಗುಡ್ಡಗಳಿಗೆ ಬಿಟ್ಟರು. ಇಲ್ಲಿಂದ ಬರ್ಮಾ ಗಡಿಗೆ ಹೋದವರಲ್ಲಿ ಅನೇಕರು ಉಳಿಯಲಿಲ್ಲ.

"ಬೆಂಗಳೂರಲ್ಲಿ ಮಾತ್ರ ಯಾರೂ ಸಾಯಲಿಲ್ಲ ಅಂತ ಅಜ್ಜ ಹೇಳ್ತಿದ್ರು," ಎಂದಳು.

ಎಂಬತ್ತು ದಾಟಿದ ನನ್ನ ತಾತ ಕೋಲೂರಿಕೊಂಡು ಜೊತೆಗೆ ಬಂದರು. ಡೇರೆಗಳಿದ್ದ ಬಯಲಿನಲ್ಲಿ ಈಗ ಗೋಡೌನಿಗೆ ಪಾಯ ತೋಡುತ್ತಿದ್ದರು. ನಾವು ಗುಂಡಿಯ ಹತ್ತಿರ ಹೋಗುವಷ್ಟರಲ್ಲಿ ಕೆಲಸದವನೊಬ್ಬ ತುಕ್ಕು ಹಿಡಿದ ಕಬ್ಬಿಣದ ತುಂಡೊಂದನ್ನು ಎತ್ತಿ ಮಣ್ಣು ಉದುರಿಸುತ್ತಿದ್ದ. ಅದರ ಬಾಲಕ್ಕೆ ಚಿಕ್ಕ ಚಿಕ್ಕ ರೆಕ್ಕೆಗಳಿದ್ದವು.

"ಅಳ್ಳಾಡಿಸ್ಬ್ಯಾಡ ಕಣ್ಲಾ! ಸಿಡಿಯೋ ಗುಂಡು ಅದು!" ತಾತ ಕಿರುಚಿದರು.

ಅವನು ಗಾಬರಿಯಿಂದ ಎಸೆಯಲು ಕೈ ಎತ್ತಿದ.

"ಎಸೀಬ್ಯಾಡ! ಮೆತ್ತಗೆ... ಮಗೀನ ಮಲಗಿಸ್ದಂಗೆ ಇಡು."

ಜೆಸಿಬಿ ನಿಂತಿತು. ಅವನು ಗುಂಡನ್ನು ಹಿಡಿದಂತೆಯೇ ಕೂತು, ನೆಲಕ್ಕೆ ತಾಗಿಸಿ, ಬೆರಳು ಬಿಡಿಸಿಕೊಂಡವನೇ ಓಡಿ ಬಂದ. ನಾವೆಲ್ಲ ರಸ್ತೆಯಾಚೆಗೆ ಸರಿದೆವು. ಮೇಸ್ತ್ರಿ ಪೊಲೀಸರಿಗೆ ಫೋನ್ ಮಾಡಿದ.

ಅಲ್ಲೇ ಕಲ್ಲಿನ ಮೇಲೆ ಕುಸಿದ ತಾತ, ನಾನು ಎಂದೂ ಕೇಳಿರದ ಮಾತು ಆಡಿದರು. "ಸೋಲ್ಜರ್‌ಗಳು ಡೇರೆ ಕಿತ್ಕೊಂಡು ಓದ್ಮೇಲೆ ನಮ್ಮಕ್ಕ ಇಲ್ಲೇ ದನ ಮೇಯಿಸ್ತಿದ್ಲು. ಇಂಥದ್ದೇ ಒಂದು ಸಿಕ್ತು. ಮಜ್ಜಿಗೆ ಕಡೆಯೋ ಕಡಗೋಲು ಅಂದ್ಕೊಂಡು, ಮಣ್ಣು ಉದುರ್ಲಿ ಅಂತ ಕಲ್ಲಿಗೆ ಕುಟ್ಟಿದ್ಲು, ಸಿಡೀತು. ನಾನು ಆ ಕಡೆ ಬದದ ಮ್ಯಾಲಿದ್ದೆ."

"ಏನಂತಾರೆ?" ಅವಳು ಕೇಳಿದಳು.

ನಾನು ಮುಚ್ಚಿಡಬಹುದಿತ್ತು. ಆದರೆ ತಾತ ನನ್ನನ್ನೇ ನೋಡುತ್ತಿದ್ದರು. ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳು ತಾತನ ಮುಂದೆ ಕುಕ್ಕರಗಾಲಲ್ಲಿ ಕೂತು, ಕ್ಷಮಿಸಿ ಎಂದಳು.

"ನೀನ್ಯಾಕವ್ವ ಕ್ಷಮೆ ಕೇಳ್ತೀಯ?" ಎಂದರು ತಾತ. "ಆದ್ರೂ ಓಗೋ ಮುಂಚೆ ಸಿಡೀದೆ ಉಳಿದಿದ್ನ ಯಾರಾದ್ರೂ ಹುಡುಕಿ ಎತ್ಕೊಂಡು ಓಗ್ಬೇಕಿತ್ತು. ಇವ್ಳ ತಾತ ಬದುಕಿ ಊರು ಸೇರಿದ್ನಾ, ಕೇಳು."

"ಸೇರಿದ್ರು, ಬಲಗೈ ಇಲ್ದೆ," ಎಂದು ಅವಳ ಉತ್ತರ ತಿಳಿಸಿದೆ. ತಾತ ತಲೆಯಾಡಿಸಿದರು.

ಮಧ್ಯಾಹ್ನದ ಹೊತ್ತಿಗೆ ಬಾಂಬ್ ದಳದವರು ಬಂದು ಮರಳಿನ ಚೀಲ ಪೇರಿಸಿ ಅದನ್ನು ಸಿಡಿಸಿದರು. ಸದ್ದಿಗೆ ತಾತ ಕಿವಿ ಮುಚ್ಚಿಕೊಳ್ಳಲಿಲ್ಲ, ಕಣ್ಣು ಮುಚ್ಚಿಕೊಂಡರು.

ಇಂಗ್ಲೆಂಡಿಗೆ ಮರಳಿದ ಮೇಲೆ ಅವಳು ಫೋನ್ ಮಾಡಿದಳು. ಬೆಟಾಲಿಯನ್ನಿನ ಸಿಪಾಯಿಗಳ ಮನೆಯವರು ವರ್ಷಕ್ಕೊಮ್ಮೆ ಸೇರುವ ಸಭೆಯಲ್ಲಿ ತಾತನ ಅಕ್ಕನ ಸಾವನ್ನು ಎದ್ದು ನಿಂತು ಹೇಳಿದಳಂತೆ. ಹಿರಿಯರೊಬ್ಬರು ಸಿಟ್ಟಾಗಿ ಹೊರಗೆ ಹೋದರಂತೆ.

ತಾತನಿಗೆ ತಿಳಿಸಿದೆ.

"ಮಿಕ್ಕೋರು ಕೂತಿದ್ರಾ?"

"ಕೂತು ಕೇಳಿದ್ರಂತೆ, ತಾತ."

"ಸರಿ ಬುಡು," ಎಂದರು.