ಪುಟ ನಲವತ್ತೊಂದರ ಏಟು

ಸುಲ್ತಾನಾ ನಲವತ್ತೊಂದನೆಯ ಪುಟಕ್ಕೆ ಬಂದವಳು ಓದುವುದನ್ನು ತಟ್ಟನೆ ನಿಲ್ಲಿಸಿದಳು. ಕನ್ನಡಕ ತೆಗೆದಳು, ಒರೆಸಿದಳು, ಮತ್ತೆ ಹಾಕಿಕೊಂಡಳು.

ಇರ್ಮಾ ಬಾಯಲ್ಲಿದ್ದ ಎರಡು ಗುಂಡುಸೂಜಿಗಳನ್ನು ತೆಗೆದು ಮೇಜಿನ ಮೇಲಿಟ್ಟಳು. "ಯಾಕೆ ನಿಲ್ಲಿಸಿದಿರಿ?"

"ಗಂಟಲು ಒಣಗಿತು."

"ಚಹಾ ಮುಂದೇನೇ ಇದೆ. ಓದಿ."

"ಮೂವತ್ತು ವರ್ಷ ನೆರೆಮನೆ, ಒಂದೇ ಮೆಟ್ಟಿಲು ಹತ್ತಿದ್ದೀವಿ, ಇನ್ನೂ ನನ್ನನ್ನ 'ಓದಿ, ಬನ್ನಿ' ಅಂತೀಯಲ್ಲ, ನನ್ನ ಕಣ್ಣೇ! ಈ ಜರ್ಮನಿಯವರ ಸಹವಾಸ ಸಾಕಪ್ಪ."

"ಮಾತು ಮರೆಸಬೇಡಿ. ಓದಿ."

ಸುಲ್ತಾನಾ ಓದಿದಳು. "ಗ್ರೂನ್‌ಫೆಲ್ಡ್ ಎದ್ದು ನಿಲ್ಲುತ್ತಾನೆ. ಮೇಜು ಸುತ್ತಿ ಕೈದಿಯ ಬಳಿ ಬರುತ್ತಾನೆ. ಬಲಗೈಯಿಂದ ಕೈದಿಯ ಕೆನ್ನೆಗೆ ಜೋರಾಗಿ ಹೊಡೆಯುತ್ತಾನೆ. ಮೌನ."

ಹೈಫಾದ ಗುಡ್ಡದ ಬೀದಿಯ ಆ ಅಡುಗೆಮನೆಯಲ್ಲಿ ಇರ್ಮಾ ಹೊಲಿಗೆಯನ್ನು ಪಕ್ಕಕ್ಕಿಟ್ಟಳು. ಗ್ರೂನ್‌ಫೆಲ್ಡ್ ಎಂದರೆ ಎರಿಖ್, ಇರ್ಮಾಳ ಗಂಡ. ಅವನು ತೀರಿಕೊಂಡು ಹದಿನಾರು ವರ್ಷವಾಗಿತ್ತು. ನಾಜಿಗಳ ಕಾಲದಲ್ಲಿ ರೈಲುಗಳ ಪಟ್ಟಿ ತಯಾರಿಸಿ ಜನರನ್ನು ಸಾವಿಗೆ ಕಳಿಸಿದ್ದ ಒಬ್ಬ ಅಧಿಕಾರಿಯನ್ನು ನಲವತ್ತೈದು ವರ್ಷದ ಹಿಂದೆ ಹಿಡಿದು ತಂದಾಗ, ಎಂಟು ತಿಂಗಳು ಅವನ ಎದುರು ಕೂತು ವಿಚಾರಣೆ ಮಾಡಿದ ಪೊಲೀಸ್ ಅಧಿಕಾರಿ ಎರಿಖ್. ಈಗ ಅದನ್ನು ಸಿನಿಮಾ ಮಾಡುತ್ತಿದ್ದರು. ಮರ್ಯಾದೆಗೆಂದು ಚಿತ್ರಕಥೆಯ ಒಂದು ಪ್ರತಿಯನ್ನು ಅವನ ಹೆಂಡತಿಗೂ ಕಳಿಸಿದ್ದರು. ಹೆಂಡತಿಗೆ ಹೀಬ್ರೂ ಓದುವುದೆಂದರೆ ಅಕ್ಷರ ಅಕ್ಷರ ಕೂಡಿಸುವ ಕೆಲಸ ಎಂಬುದು ಅವರಿಗೇನು ಗೊತ್ತು. ಬ್ರೆಸ್ಲಾವಿನಲ್ಲಿ ಯೆಹೂದಿ ಹುಡುಗಿಯೆಂದು ನಾಲ್ಕನೆಯ ತರಗತಿಯಲ್ಲೇ ಅವಳನ್ನು ಶಾಲೆಯಿಂದ ಹೊರಗೆ ಕಳಿಸಿದ್ದರು. ಹನ್ನೆರಡಕ್ಕೆ ಹಡಗು ಹತ್ತಿದಳು, ಹದಿಮೂರಕ್ಕೆ ಸೂಜಿ ಹಿಡಿದಳು. ಅಕ್ಷರ ಅಲ್ಲೇ ನಿಂತಿತು. ಸೂಜಿ ಮಾತ್ರ ಎಂಬತ್ತೊಂದು ತುಂಬಿದರೂ ನಿಂತಿರಲಿಲ್ಲ.

"ಸಿನಿಮಾದವರು ಏನು ಬೇಕಾದ್ರೂ ಬರೀತಾರೆ," ಎಂದಳು ಸುಲ್ತಾನಾ. "ಹೊಡೆದಿದ್ರೆ ತಾನೆ ಏನು? ನಾನಾಗಿದ್ರೆ ಚಪ್ಪಲಿ ತಗೋತಿದ್ದೆ."

"ಹೊಡೀಲಿಲ್ಲ ಅಂತ ಎರಿಖ್ ತಾವೇ ಹೇಳಿದ್ರು."

"ಮತ್ತೆ? ಆಯ್ತಲ್ಲ."

ಇರ್ಮಾ ಗುಂಡುಸೂಜಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು. ಅವಳಿಗೆ ಅದು ಅಷ್ಟು ಸುಲಭಕ್ಕೆ ಆಗುವಂತಿರಲಿಲ್ಲ.

ಆ ಎಂಟು ತಿಂಗಳು ಎರಿಖ್ ದಿನಾ ಬೆಳಿಗ್ಗೆ ಟೈ ಕಟ್ಟಿಕೊಂಡು, ಚೀಸ್ ಹಚ್ಚಿದ ಎರಡು ತುಂಡು ಬ್ರೆಡ್ ಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದ. ಸಂಜೆ ಬಂದರೆ ಮೊಣಕೈವರೆಗೆ ಸೋಪು ಹಾಕಿ ಕೈ ತೊಳೆಯುತ್ತಿದ್ದ. ಕೋಣೆಯೊಳಗೆ ನಡೆದದ್ದನ್ನು ಹೊರಗೆ ಹೇಳುವುದಿಲ್ಲವೆಂದು ರುಜು ಹಾಕಿ ಕೊಟ್ಟಿದ್ದ, ಹೇಳಲಿಲ್ಲ. ಆ ಕೈದಿ ರುಜು ಮಾಡಿದ ಪಟ್ಟಿಯೊಂದರಲ್ಲಿ ಎರಿಖ್‌ನ ತಾಯಿಯ ಹೆಸರೂ ತಂಗಿಯ ಹೆಸರೂ ಇದ್ದವು. ಅದನ್ನೂ ಅವನು ಮನೆಯಲ್ಲಿ ಹೇಳಲಿಲ್ಲ. ಮೊಕದ್ದಮೆ ನಡೆದಾಗ ಇರ್ಮಾ ರೇಡಿಯೋದಲ್ಲಿ ಕೇಳಿ ತಿಳಿದಳು.

ಆಗಸ್ಟ್ ಒಂಬತ್ತು, ಮಂಗಳವಾರ. ಮಗಳು ರೂಟಿಯ ಹುಟ್ಟುಹಬ್ಬ. ಅಂದು ಎರಿಖ್ ಬಲಗೈಗೆ ದಪ್ಪನೆ ಬ್ಯಾಂಡೇಜು ಸುತ್ತಿಕೊಂಡು ಬಂದ. "ಏನಾಯ್ತು?" ಎಂದರೆ "ಕೆಲಸ" ಎಂದ. ಕೇಕನ್ನು ಎಡಗೈಯಲ್ಲಿ ವಕ್ರವಕ್ರವಾಗಿ ಕತ್ತರಿಸಿದ. ಇರ್ಮಾ ಎರಡನೆಯ ಸಲ ಕೇಳಲಿಲ್ಲ. ಹೊಡೆದಿದ್ದಾನೆ ಎಂದುಕೊಂಡಳು. ನಿಜ ಹೇಳಬೇಕೆಂದರೆ, ಒಳ್ಳೆಯದೇ ಆಯಿತು ಅನ್ನಿಸಿತ್ತು. ಆ ವಾರವೆಲ್ಲ ಎರಿಖ್ ಯಾಕೋ ಮನೆಯ ಕಿಟಕಿಗಳ ಹಿಂದೆ ಬಿದ್ದ. ಶಟರನ್ನು ಎಳೆದು ಏರಿಸಿಳಿಸುವ ದಪ್ಪ ನೂಲಿನ ಪಟ್ಟಿಗಳನ್ನು ಅಂಗಡಿಯಿಂದ ಹೊಸದಾಗಿ ತಂದು, ನಾಲ್ಕೂ ಶಟರುಗಳ ಹಳೆಯ ಪಟ್ಟಿ ಕಿತ್ತು, ಎಡಗೈಯಲ್ಲೇ ಬದಲಾಯಿಸಿದ. ತಿಂಗಳುಗಟ್ಟಲೆ ಒಂದು ನಲ್ಲಿ ರಿಪೇರಿ ಮಾಡದ ಮನುಷ್ಯ! ಮನಸ್ಸು ಕೆಟ್ಟಿದೆ, ಏನೋ ಒಂದು ಮಾಡಿಕೊಳ್ಳಲಿ ಎಂದು ಅವಳು ಸುಮ್ಮನಿದ್ದಳು.

ಆಮೇಲೆ ವಿಚಾರಣೆ ಮಾಡಿದವನು ಎರಿಖ್ ಎಂದು ಊರಿಗೆಲ್ಲ ತಿಳಿಯಿತು. ಮಾಂಸದಂಗಡಿಯಲ್ಲಿ, ಬಸ್ಸಿನಲ್ಲಿ ಜನ ಅಡ್ಡ ಹಾಕಿ ಕೇಳುತ್ತಿದ್ದರು: "ಗ್ರೂನ್‌ಫೆಲ್ಡ್, ಒಂದೇ ಒಂದು ಏಟಾದ್ರೂ ಕೊಡಬಾರದಿತ್ತೇ?" ಎರಿಖ್ ನೆಟ್ಟಗೆ ನಿಂತು ಹೇಳುತ್ತಿದ್ದ: "ಒಮ್ಮೆಯೂ ಇಲ್ಲ. ಹೊಡೆದು ಬಾಯಿ ಬಿಡಿಸಿದ್ರು ಅಂತ ನಾಳೆ ಯಾರೂ ಹೇಳೋ ಹಾಗಿರಬಾರದು." ಸಾಯುವವರೆಗೂ ಅದನ್ನೇ ಹೇಳಿದ. ಅಂದು ಬ್ಯಾಂಡೇಜು ಕಂಡಿದ್ದ ಹೆಂಡತಿ ಪಕ್ಕದಲ್ಲಿ ನಿಂತು ಪ್ರತಿಸಲವೂ ತನ್ನ ಚಪ್ಪಲಿಯ ತುದಿ ನೋಡುತ್ತಿದ್ದಳು. ಹೊಡೆದಿದ್ದರೆ ಅವಳಿಗೇನೂ ಬೇಸರವಿರಲಿಲ್ಲ. ಸುಳ್ಳು ಹೇಳಿದ್ದರೆ ಮಾತ್ರ, ತಾನು ನಲವತ್ತು ವರ್ಷ ಬಾಳಿದ ಮನುಷ್ಯ ಯಾರು?

ಅದಕ್ಕೇ ಅವಳು ಸಿನಿಮಾ ತೆಗೆಯುವ ಜಾಗಕ್ಕೆ ಹೊರಟಳು. ಹತ್ತು ಗಂಟೆಗೆ ಬರಲು ಹೇಳಿದ್ದರು. ಒಂಬತ್ತು ಇಪ್ಪತ್ತಕ್ಕೆ ಇಬ್ಬರೂ ಅಲ್ಲಿನ ಬಾಗಿಲಲ್ಲಿ ನಿಂತಿದ್ದರು, ಇರ್ಮಾ ಪ್ಲಮ್ ಕೇಕಿನ ಡಬ್ಬಿ ಹಿಡಿದು, ಸುಲ್ತಾನಾ ನಿದ್ದೆಗಣ್ಣಿನಲ್ಲಿ. "ಬೀಗ ತೆಗೆಯೋಕೂ ನೀನೇ ಬಂದಿದ್ದೀಯ ಅಂದುಕೋತಾರೆ," ಎಂದಳು ಸುಲ್ತಾನಾ.

ಹಳೆಯ ಗೋದಾಮಿನೊಳಗೆ ಹಲಗೆಗಳಿಂದ ಒಂದು ಕೋಣೆ ಕಟ್ಟಿದ್ದರು. ಮೇಜು, ಎರಡು ಕುರ್ಚಿ, ರೀಲಿನ ಟೇಪ್ ರೆಕಾರ್ಡರು, ಒಂದು ಕಿಟಕಿ. ನಿರ್ದೇಶಕಿ ಹಗಿತ್, ಮೂವತ್ತೈದು ದಾಟಿರದ ಹೆಣ್ಣುಮಗಳು, ಇರ್ಮಾಳ ಕೈ ಹಿಡಿದು ಕೂರಿಸಿದಳು. ಎರಿಖ್‌ನ ಪಾತ್ರದವನು ಟೈ ಕಟ್ಟಿಕೊಂಡು ಬಂದು ನಮಸ್ಕರಿಸಿದ. ಇರ್ಮಾ ಎದ್ದು ಅವನ ಟೈ ಬಿಚ್ಚಿ ಮತ್ತೆ ಕಟ್ಟಿ, ಗಂಟನ್ನು ಗುಂಡಿಗೆ ಸರಿಯಾಗಿ ಕೂರಿಸಿ, ಆಮೇಲೆಯೇ ಮಾತು ತೆಗೆದಳು.

"ಆ ಏಟು ಎಲ್ಲಿಂದ ಬಂತು?"

ಹಗಿತ್ ಏನೂ ಮುಚ್ಚಿಡಲಿಲ್ಲ. "ಬಾಗಿಲ ಹೊರಗೆ ಕಾವಲಿದ್ದವರೊಬ್ಬರು ಹೇಳಿದ್ದು, ಅಮ್ಮ. ಒಳಗೆ ಧಡ್ ಅಂತ ಸದ್ದಾಯ್ತಂತೆ. ಸ್ವಲ್ಪ ಹೊತ್ತಿಗೆ ನಿಮ್ಮವರು ಬಲಗೈ ಹಿಡ್ಕೊಂಡು ಹೊರಗೆ ಬಂದ್ರಂತೆ. ವಿಚಾರಣೆಯ ಟೈಪಾದ ಹಾಳೆಗಳಲ್ಲಿ ಅಲ್ಲಿ 'ವಿರಾಮ' ಅಂತಷ್ಟೇ ಇದೆ. ಅಂಥದ್ದು ಆಗಲಿಲ್ಲ ಅಂತ ನೀವು ಹೇಳಿದ್ರೆ ತೆಗೆದುಬಿಡ್ತೀನಿ. ನಿಮ್ಮ ಮಾತೇ ಕೊನೆ."

ಸುಲ್ತಾನಾ ಮೊಣಕೈಯಿಂದ ತಿವಿದಳು. ಹೇಳಿಬಿಡು ಎಂದು. ಒಂದು ಶಬ್ದ ಹೇಳಿದರೆ ಮುಗಿಯುತ್ತಿತ್ತು.

"ನನಗೆ ಗೊತ್ತಿಲ್ಲ," ಎಂದಳು ಇರ್ಮಾ. "ನಾನು ಅಲ್ಲಿರಲಿಲ್ಲ. ಬ್ಯಾಂಡೇಜು ಕಂಡಿದ್ದೀನಿ."

"ಅಯ್ಯೋ ದೇವರೇ," ಎಂದು ಸುಲ್ತಾನಾ ಹಣೆ ಚಚ್ಚಿಕೊಂಡಳು. "ಕೇಕು ಹೊತ್ತುಕೊಂಡು ಬಂದು ಗಂಡನ ಮೇಲೆ ಸಾಕ್ಷಿ ಹೇಳ್ತಾಳೆ!"

ಇರ್ಮಾಳ ಕಣ್ಣು ಮೇಜಿನ ಮೇಲಿದ್ದ ರೆಕಾರ್ಡರಿನ ಮೇಲಿತ್ತು. "ಟೈಪು ಮಾಡೋ ಹುಡುಗಿಯರು ಪ್ರಶ್ನೆ, ಉತ್ತರ ಅಷ್ಟೇ ಬರೆದಿರ್ತಾರೆ. ಟೇಪು ಎಲ್ಲಿದೆ?"

ಟೇಪುಗಳ ನಕಲು ಸಿನಿಮಾಕ್ಕೆ ಧ್ವನಿ ಹಿಡಿಯುವವನ ಬಳಿ ಇದ್ದವು. ನಟರು ಆ ದನಿಗಳನ್ನು ಕೇಳಿ ಕಲಿಯಲೆಂದು ತರಿಸಿದ್ದರು. ಆದರೆ ಎಲ್ಲವೂ ಜರ್ಮನ್, ಇನ್ನೂರೈವತ್ತು ಗಂಟೆ. ಅವನಿಗೆ ಜರ್ಮನ್ ಬಾರದು, ಆರಿಸಿ ಕೊಟ್ಟ ತುಣುಕುಗಳನ್ನಷ್ಟೇ ಕೇಳಿದ್ದ. "ಯಾವತ್ತಿನದು ಅಂತ ಗೊತ್ತಿದ್ರೆ ಹುಡುಕ್ತೀನಿ," ಎಂದ.

"ಆಗಸ್ಟ್ ಒಂಬತ್ತು," ಎಂದಳು ಇರ್ಮಾ.

ಹುಡುಕಲು ಅರ್ಧ ಗಂಟೆ ಹಿಡಿಯಿತು. ಅಷ್ಟರಲ್ಲಿ ಕೇಕು ಅರ್ಧ ಖಾಲಿ. ಇರ್ಮಾ ಒಂದು ತುಂಡೂ ಮುಟ್ಟಲಿಲ್ಲ. ಮಡಿಲಲ್ಲಿ ಕೈ ಜೋಡಿಸಿ ಕೂತಿದ್ದಳು. ಆಗಲೇ ಎದ್ದು ಮನೆಗೆ ಹೋಗಿಬಿಡಲೇ ಎಂದೂ ಅನ್ನಿಸಿತು. ಗೊತ್ತಿಲ್ಲದೆ ಇಷ್ಟು ವರ್ಷ ಬದುಕಿಯಾಗಿತ್ತು, ಇನ್ನೆಷ್ಟು ದಿನ.

ಧ್ವನಿಪೆಟ್ಟಿಗೆಯಿಂದ ದನಿ ಬಂತು. ಎರಿಖ್. ಹದಿನಾರು ವರ್ಷದ ಮೇಲೆ, ಶೀತವಾದವನ ಹಾಗೆ ಮೂಗಿನಲ್ಲಿ, ನಿಧಾನಕ್ಕೆ. ಇರ್ಮಾ ಕುರ್ಚಿಯ ಕೈ ಹಿಡಿದಳು. ಕೈದಿಯ ದನಿ ಉತ್ತರಿಸುತ್ತಿತ್ತು, ಒಣಗಿದ ದನಿ: ರೈಲಿನ ವೇಳೆ ತನ್ನ ಇಲಾಖೆಗೆ ಸೇರಿದ್ದಲ್ಲ, ತನಗೆ ಬಂದ ಕಾಗದವನ್ನು ಮುಂದೆ ಕಳಿಸಿದ್ದಷ್ಟೇ. ಎರಿಖ್ ಕೇಳಿದ: "ಬಿಸಿಲು ನಿಮ್ಮ ಕಾಗದದ ಮೇಲೆ ಬೀಳ್ತಾ ಇದೆಯೇ?" ಕುರ್ಚಿ ಸರಿದ ಸದ್ದು. ಹೆಜ್ಜೆ. ನಾಲ್ಕು ಹೆಜ್ಜೆ. ಆಮೇಲೆ ಗರಗರ ಎಂದು ಏನೋ ಉರುಳಿ ಧಡ್ ಎಂದಿತು.

ಹಗಿತ್ ಉಸಿರು ಬಿಗಿಹಿಡಿದಳು.

ಟೇಪು ಓಡುತ್ತಲೇ ಇತ್ತು. ಮತ್ತೊಂದು ಕುರ್ಚಿ ಸರಿಯಿತು. "ಕೂತ್ಕೊಳ್ಳಿ," ಎಂದಿತು ಎರಿಖ್‌ನ ದನಿ, ಹಲ್ಲು ಕಚ್ಚಿಕೊಂಡು. ಆಮೇಲೆ ಮೈಕಿನ ಹತ್ತಿರ ಬಂದು ಒಂದಿಷ್ಟು ವಾಕ್ಯ ಹೇಳಿತು.

ಇರ್ಮಾ ಬಾಯಿಗೆ ಕೈ ಅಡ್ಡ ಹಿಡಿದಳು. ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಸುಲ್ತಾನಾ ತಬ್ಬಿಕೊಳ್ಳಲು ಹೋದಳು. ನೋಡಿದರೆ ಇರ್ಮಾ ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವ ಹಾಗೆ.

"ಏನಂದ? ಏನಂದ ಹೇಳೇ!"

ಇರ್ಮಾ ಮತ್ತೊಮ್ಮೆ ಹಾಕಿಸಿ, ಕೇಳಿ, ಒಂದು ಶಬ್ದವೂ ಬಿಡದೆ ಹೇಳಿದಳು: "ಸಮಯ ಹನ್ನೊಂದು ಗಂಟೆ ಇಪ್ಪತ್ತಮೂರು ನಿಮಿಷ. ಈಗ ಕೇಳಿಬಂದ ಸದ್ದಿನ ವಿವರ. ಕಿಟಕಿಯ ಶಟರಿನ ಪಟ್ಟಿ ಹರಿದು ಶಟರು ಬಿದ್ದಿದೆ. ವಿಚಾರಣಾಧಿಕಾರಿಯ ಬಲಗೈ ಬೆರಳುಗಳಿಗೆ ಪೆಟ್ಟಾಗಿದೆ. ಇದರಲ್ಲಿ ಆರೋಪಿಯ ತಪ್ಪೇನೂ ಇಲ್ಲ. ವಿರಾಮ."

ಸುಲ್ತಾನಾ ತೊಡೆ ಬಡಿದುಕೊಂಡು ನಕ್ಕಳು. "ಕೈ ಜಜ್ಜಿಹೋದಾಗ ಗಡಿಯಾರ ನೋಡಿದ್ದಾನೆ! ನಮ್ಮೂರು ಮೆಕ್ನೆಸಿನ ಗಂಡಸಾಗಿದ್ರೆ, ಅವನ ಬೈಗುಳಕ್ಕೆ ಆ ಟೇಪು ಮಕ್ಕಳ ಮುಂದೆ ಹಾಕೋ ಹಾಗೇ ಇರ್ತಿರಲಿಲ್ಲ!"

ಧ್ವನಿಯವನೂ ನಕ್ಕ. ಹಗಿತ್ ನಕ್ಕು, ಜರ್ಮನ್ ಬಲ್ಲ ಇನ್ನೊಬ್ಬರಿಂದ ಕೇಳಿಸಿ ನೋಡುತ್ತೇನೆ, ತಪ್ಪು ತಿಳಿಯಬೇಡಿ ಎಂದಳು.

"ಕೇಳಿಸಲೇಬೇಕು," ಎಂದಳು ಇರ್ಮಾ. ಅಷ್ಟರಲ್ಲಿ ಅವಳ ನಗು ನಿಂತು ಸಿಟ್ಟು ಬಂದಿತ್ತು. "ನನಗೆ ಒಂದು ಮಾತು ಹೇಳಬಹುದಿತ್ತಲ್ಲ! ಶಟರು ಬಿತ್ತು ಅನ್ನೋದೂ ಸರ್ಕಾರದ ಗುಟ್ಟೇ?"

"ಕೋಣೆಯೊಳಗಿನದು ಅಂತ ರುಜು ಹಾಕಿದ್ನಲ್ಲ," ಎಂದಳು ಸುಲ್ತಾನಾ. "ಶಟರೂ ಕೋಣೆಯೊಳಗಿನದೇ. ಬೆರಳೂ ಕೋಣೆಯೊಳಗಿನದೇ."

ಇರ್ಮಾಗೆ ಆಗ ಮನೆಯ ನಾಲ್ಕು ಕಿಟಕಿಗಳು ನೆನಪಾದವು. ಎಡಗೈಯಲ್ಲಿ ಒದ್ದಾಡುತ್ತ ಪಟ್ಟಿ ಬಿಗಿದ ಎರಿಖ್. ಬಾಯಲ್ಲಿ ಹೇಳಲಾಗದ್ದನ್ನು ಅವನು ಕಿಟಕಿಗೆ ಕಟ್ಟಿಟ್ಟಿದ್ದ. ಅವಳು ದಿನಾ ಬೆಳಿಗ್ಗೆ ಅದನ್ನೇ ಹಿಡಿದು ಎಳೆದಿದ್ದಳು, ನಲವತ್ತೈದು ವರ್ಷ. ಎದೆಯಿಂದ ಒಂದು ಉಸಿರು ಹೊರಬಿತ್ತು, ಎಷ್ಟು ಉದ್ದದ್ದೆಂದರೆ ಅವಳಿಗೇ ಆಶ್ಚರ್ಯ. ಆಮೇಲೆ ಕೇಕಿನ ಡಬ್ಬಿ ಹತ್ತಿರಕ್ಕೆಳೆದುಕೊಂಡು ದೊಡ್ಡ ತುಂಡೊಂದನ್ನು ತಿಂದಳು.

ಹಲಗೆಯ ಕೋಣೆಯ ಕಿಟಕಿಗೆ ಶಟರೇ ಇರಲಿಲ್ಲ. ಎರಡು ದಿನದಲ್ಲಿ ಹಾಕಿಸಿದರು. ಪಟ್ಟಿ ನಡುವೆ ಹರಿಯುವಂತೆ ಮಾಡುವುದು ಹೇಗೆಂದು ಯಾರಿಗೂ ತಿಳಿಯದೆ ಇರ್ಮಾಳನ್ನೇ ಕರೆದರು. ಅವಳು ನೂಲು ಎಣಿಸಿ ಬಿಚ್ಚಿ, ಎರಡೇ ಎಳೆ ಉಳಿಸಿದಳು. ಶಟರು ಬಿದ್ದಾಗ ನಟ "ಆಹ್" ಎಂದು ಕೂಗಿದ.

"ಕೂಗಬಾರದು," ಎಂದಳು ಇರ್ಮಾ. "ಗಡಿಯಾರ ನೋಡಿ."

ವಾರದ ನಂತರ ತಿದ್ದಿದ ಪುಟ ಅಂಚೆಯಲ್ಲಿ ಬಂತು. ಏಟು ಹೋಗಿತ್ತು. ಸುಲ್ತಾನಾ ಅಡುಗೆಮನೆಯಲ್ಲಿ ದೊಡ್ಡ ದನಿಯಲ್ಲಿ ಓದಿದಳು: "ಸಮಯ ಹನ್ನೊಂದು ಗಂಟೆ ಇಪ್ಪತ್ತೈದು ನಿಮಿಷ..."

"ಇಪ್ಪತ್ತಮೂರು," ಎಂದಳು ಇರ್ಮಾ, ಹೊಲಿಗೆಯಿಂದ ತಲೆ ಎತ್ತದೆ.

"ಎರಡು ನಿಮಿಷಕ್ಕೆ ಯಾರು ಅಳ್ತಾರೆ, ನನ್ನ ಕಣ್ಣೇ!"

"ಎರಿಖ್ ಇಪ್ಪತ್ತಮೂರು ಅಂದಿದ್ದಾರೆ. ಫೋನ್ ಮಾಡು, ಸುಲ್ತಾನಾ."

ಸುಲ್ತಾನಾ ಫೋನಿನತ್ತ ಎರಡು ಹೆಜ್ಜೆ ಹೋದವಳು ಗಕ್ಕನೆ ನಿಂತಳು. "ಏನಂದೆ? 'ಮಾಡು' ಅಂದ್ಯಾ?"

"ಮೊದಲು ಫೋನ್," ಎಂದಳು ಇರ್ಮಾ.