ಭೂಪಾಲ ಕಾಕಾರ ಹೊತ್ತಿನ ಹಾಡು

೨೦೦೧ರಲ್ಲಿ, ಒಂಬತ್ತನೇ ಇಯತ್ತೆಯ ನಡುವೆ, ನಾನು ಸಾಲಿ ಬಿಟ್ಟೆ. ಅವತ್ತು ಒಂದು ಮಾತಿಗೆ ಬಹಳ ಖುಷಿಯಾಗಿತ್ತು. ಇನ್ನು ಮೇಲೆ ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಕೂಡುವುದು ಇಲ್ಲ. ದುಡಿಯುವವನಿಗೆ ಅವನ ಮೈ ಹೇಳಿದ್ದೇ ಹೊತ್ತು. ಹೀಗೆ ತಿಳಿದುಕೊಂಡೇ ಕೆಲವು ವರ್ಷ ದುಡಿದೆ. ಆಮೇಲೆ ದಿಗ್ಗೇವಾಡಿಯ ಭೂಪಾಲ ಕಾಕಾರ ಟ್ರ್ಯಾಕ್ಟರಿಗೆ ಡ್ರೈವರ್ ಆಗಿ ಹೋದೆ. ಅಲ್ಲಿ ಗಂಟೆ ಇರಲಿಲ್ಲ, ಗಡಿಯಾರ ಇರಲಿಲ್ಲ. ಆದರೆ ಸಂಜೆಯಾಗುತ್ತ ಬಂದಂತೆ ಹೊಲದ ಆಳುಕಾಳು, ಎತ್ತು, ನಾಯಿ, ನಾನು, ಕಾಕಾ ಎಲ್ಲರೂ ಒಂದು ಪೆನ್‌ಡ್ರೈವ್ ಹೇಳಿದ ಹಾಗೆ ಕೇಳುತ್ತಿದ್ದೆವು.

ಕಾಕಾ ಕುಳ್ಳಗಿನ ಆಳು. ತಲೆಯ ಮೇಲೆ ಬಿಳಿ ಟೊಪ್ಪಿಗೆ, ಬಾಯಲ್ಲಿ ಸದಾ ಸಿಳ್ಳೆ. ಕಬ್ಬಿನ ಸಾಲಿನಲ್ಲಿ ಹೊಕ್ಕರೆಂದರೆ ಟೊಪ್ಪಿಗೆ ಕಾಣುತ್ತಿರಲಿಲ್ಲ, ಸಿಳ್ಳೆಯಿಂದಲೇ ಎಲ್ಲಿದ್ದಾರೆ ಅಂತ ಹುಡುಕಬೇಕು. ಅವರ ಕೈಗೆ ಕೆಲಸ ಹತ್ತಿತು ಅಂದರೆ ಬಿಡಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. "ನಡೀರಿ ಕಾಕಾ, ಮನಿಗೆ ಹೋಗೂನು" ಅಂದರೆ, ತಲೆ ಎತ್ತದೆ ಒಂದೇ ಉತ್ತರ ಕೊಡುತ್ತಿದ್ದರು: "ಇದೊಂದ ಸಾಲ ಆಗ್ಲಿ ತಡಿ." ಆ ಸಾಲು ಆದ ಮೇಲೆ ಅದರ ಪಕ್ಕದ ಸಾಲೂ "ಇದೊಂದ ಸಾಲ"ವೇ. ಮದುವೆಯಲ್ಲಿ ಮಾವ ಕೊಟ್ಟ ಕೈಗಡಿಯಾರ ಬಾವಿಯ ಕೆಸರು ತೆಗೆಯುವಾಗ ಬಾವಿಗೇ ಹೋಗಿತ್ತು. ಮೊಬೈಲನ್ನು ಒಮ್ಮೆ ಕಬ್ಬಿನ ಒಣಗರಿ ರವದಿಯ ಜೊತೆ ಮಣ್ಣಲ್ಲಿ ಮುಚ್ಚಿಬಿಟ್ಟಿದ್ದರು. ಅವತ್ತಿನಿಂದ ಅದು ಮನೆಯ ಗೂಡಿನಲ್ಲೇ ಇರುತ್ತಿತ್ತು.

ಅವರದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಒಲೆ ಉರಿಯುವುದಿಲ್ಲ, ಒಂದು ಅಗುಳು ಬಾಯಿಗೆ ಹೋಗುವುದಿಲ್ಲ. ಕಾಕಾ ತಡಮಾಡಿದ ದಿನ ಉಪವಾಸ. ಅದರ ಚಿಂತೆ ಅವರಿಗೆ ಇರಲಿಲ್ಲ. "ಹೊಟ್ಟಿ ನಂದು, ಬೆಳತನಕ ತಡೀತೈತಿ" ಅಂತ ನಗುತ್ತಿದ್ದರು. ತೊಂದರೆ ಇದ್ದದ್ದು ಅವರ ಹೆಂಡತಿ ಪದ್ಮಾವತಿ ಕಾಕುದು. ಗಂಡ ಉಣ್ಣದೆ ಆಕೆ ಉಣ್ಣುತ್ತಿರಲಿಲ್ಲ. ಸೊಸೆ ತಾಟು ಹಚ್ಚಿ ಕೊಟ್ಟರೂ ಮುಟ್ಟುತ್ತಿರಲಿಲ್ಲ, ಮಗ ಅಜಿತ ಕೈಮುಗಿದರೂ ಮುಟ್ಟುತ್ತಿರಲಿಲ್ಲ.

ಹೀಗಿರುವಾಗ ಕಾಕುಗೆ ಸಕ್ಕರಿ ಕಾಯಿಲೆ ಬಂತು. "ಜಲಮಾನಪೂರ್ತಿ ಕಬ್ಬ ಬೆಳದೀವಿ, ಸಕ್ಕರಿ ಎಲ್ಲಿಗಿ ಹೋಕ್ಕೈತಿ, ಮನಿಗೇ ಬಂತು" ಅಂದರು ಕಾಕು. ರಾಯಬಾಗದ ಡಾಕ್ಟರು ಮಾತ್ರ ನಗಲಿಲ್ಲ. ಗುಳಿಗೆ ನುಂಗಿದವರು ರಾತ್ರಿ ಉಪವಾಸ ಮಲಗಲೇಬಾರದು, ತಲೆ ತಿರುಗಿ ಬಿದ್ದರೆ ಏಳುವುದು ಕಷ್ಟ ಅಂದರು. ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಗಂಡಹೆಂಡತಿ ಕೂತರು. ನಾನು ಎದುರಿಗೆ ನಿಂತಿದ್ದೆ.

"ಇನ್ ಮ್ಯಾಲೆ ನೀ ಮೊದ್ಲ ಉಣ್ಣಬೇಕ ನೋಡು" ಅಂದರು ಕಾಕಾ.

"ನೀವು ಹೊತ್ತಿಗೆ ಬರ್ರಿ, ಇಬ್ಬರೂ ಕೂಡೇ ಉಣ್ಣೂನು."

"ಹೊಲದಾಗ ಕೆಲಸ ಇರ್ತೈತಿ..."

"ಇರ್ಲಿ. ನಾ ಏನ್ ಬ್ಯಾಡ ಅಂದೆನೇನು? ನೀವು ಸಾಲ ಮುಗಸ್ರಿ, ನಾ ಕಾಯ್ತೇನಿ."

ಕಾಕಾ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. ಎದುರಿಗೆ ಸಲೀಂಭಾಯಿಯ ಮೊಬೈಲ್ ಅಂಗಡಿ ಇತ್ತು. ಟ್ರ್ಯಾಕ್ಟರಿನವರೆಲ್ಲ ಪೆನ್‌ಡ್ರೈವಿಗೆ ಹಾಡು ತುಂಬಿಸಿಕೊಳ್ಳುವುದು ಅಲ್ಲೇ. ಕಾಕಾ ಎದ್ದು ಸೀದಾ ಅಲ್ಲಿಗೆ ಹೋದರು.

"ಸಲೀಂ, ಹಾಡ ತುಂಬಿ ಕೊಡು."

"ದೇವರದು ಬೇಕೋ, ಲವ್ದು ಬೇಕೋ, ಡಿಜೆ ಬೇಕೋ ಕಾಕಾ?"

"ಹೊತ್ತಿಂದು."

"ಹೊತ್ತಿಂದು ಅಂದ್ರ?"

"ತಾಸು, ದಿನಾ, ಸಂಜಿ, ನಾಳಿ, ನಿನ್ನಿ. ಇದರ ಮ್ಯಾಲ ಯಾವ ಯಾವ ಹಾಡ ಅದಾವ, ಎಲ್ಲಾ ಹಾಕು. ಕನ್ನಡ ಹಾಕು, ಮರಾಠಿ ಹಾಕು, ಹಿಂದಿ ಹಾಕು. ಬ್ಯಾರೇದು ಒಂದೂ ಬ್ಯಾಡ."

ಸಲೀಂಭಾಯಿ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

"ಮೊಬೈಲ್‌ದಾಗ ಅಲಾರಾಂ ಇಟ್ಕೋರಿ ಕಾಕಾ, ಇದೆಲ್ಲಾ ಯಾಕ?"

"ಟ್ರ್ಯಾಕ್ಟರ ಸದ್ದಿನಾಗ ಅದು ಕೇಳ್ತೈತೇನಲೇ? ಮತ್ತ ಅದು ಬೈದಂಗ ಬಡಕೊಂತೈತಿ. ಹಾಡು ಹಂಗಲ್ಲ, ಕರೀತೈತಿ. ಪ್ರೇಮದ ಹಾಡ ಹಚ್ಚಿದ್ರ ಪ್ರೇಮ ನೆನಪಾಕ್ಕೈತಿ. ಹೊತ್ತಿನ ಹಾಡ ಹಚ್ಚಿದ್ರ ಹೊತ್ತ ನೆನಪಾಗಬೇಕಲ್ಲ?"

ಆ ಮಧ್ಯಾಹ್ನ ಪೂರ್ತಿ ಅಂಗಡಿಯಲ್ಲಿ ಹೊತ್ತಿನ ಹಾಡುಗಳ ಹುಡುಕಾಟ. ಬಸ್ಸಿಗೆ ಕಾಯುವವರೂ ಬಂದು ಸೇರಿದರು. ಹೋದ ದಿನಗಳನ್ನು ನೆನೆಯುವ ಹಿಂದಿ ಹಾಡು ಒಬ್ಬರು ಹೇಳಿದರು. ಎಲ್ಲವನ್ನೂ ನಾಳೆಗೆ ತಳ್ಳುವವನನ್ನು ಬೈಯುವ ಭಜನೆ ಇನ್ನೊಬ್ಬರದು. ಈಗಲೇ ಯಾಕೆ ಹೊರಟಿರಿ ಅಂತ ಸೆರಗು ಹಿಡಿದು ಕೇಳುವ ಒಂದು ಲಾವಣಿ ಹಾಕುವಾಗ ಕಾಕು ಮುಖ ಆಚೆ ತಿರುಗಿಸಿದರು, ಬೇಡ ಅನ್ನಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಗಡಿಯಾರ ನೋಡುತ್ತ ನಿಂತ ಹುಡುಗಿಯ ಮೇಲಿನ ಕನ್ನಡ ಸಿನಿಮಾ ಹಾಡು ನಾನು ಹಾಕಿಸಿದೆ. ಕಾಕಾ ತಮಗೆ ಅಂತ ಒಂದು ಹಳೆಯ ಹಿಂದಿ ಹಾಡು ಆರಿಸಿದರು. ಅದರಲ್ಲಿ ದಿನಗಳು ರೈಲುಗಾಡಿಯ ಹಾಗೆ ಓಡುತ್ತವೆ, ನಡುವೆ ಒಂದು ಉದ್ದನೆಯ ಸಿಳ್ಳೆ ಬರುತ್ತದೆ. ಕಡೆಯ ಹಾಡು ಕಾಕುದು. ದೀಪ ಹಚ್ಚುವ ಹೊತ್ತಾಯಿತು, ದನಕರ ಮನೆಗೆ ಬಂದವು ಅನ್ನುವ ಮರಾಠಿ ಹಾಡು. ಸಲೀಂಭಾಯಿ ಎಲ್ಲಕ್ಕೂ ನಂಬರು ಹಾಕಿ ಸಾಲಾಗಿ ಕೂರಿಸಿ ಕೊಟ್ಟ.

ಪದ್ಧತಿ ಸರಳವಿತ್ತು. ಹೊಳೆಯ ಆಚೆಯ ಸಕ್ಕರೆ ಕಾರ್ಖಾನೆ ನಾಲ್ಕಕ್ಕೆ ಭೋಂಗಾ ಹೊಡೆದ ಕೂಡಲೇ ನಾನು ಟ್ರ್ಯಾಕ್ಟರಿನ ಟೇಪಿಗೆ ಪೆನ್‌ಡ್ರೈವ್ ಸಿಗಿಸಬೇಕು. ಸೌಂಡು ಪೂರ್ತಿ ಇಡಬೇಕು. ಹಾಡುಗಳು ಒಂದರ ಹಿಂದೆ ಒಂದು ಬರುತ್ತವೆ. ಭಜನೆ ಬಂದರೆ ಕೆಲಸ ಅರ್ಧ ಮುಗಿದಿರಬೇಕು, ಲಾವಣಿ ಬಂದರೆ ನೀರಿನ ಮೋಟರು ಬಂದ್ ಆಗಬೇಕು, ಕಾಕು ಹಾಡು ಬಂತೆಂದರೆ ಸಾಲು ನಡುವಿದ್ದರೂ ಬಿಟ್ಟು ಮನೆಯ ದಾರಿ ಹಿಡಿಯಬೇಕು. ಆ ಬೇಸಿಗೆ ಪೂರ್ತಿ ಒಂದು ದಿನವೂ ತಪ್ಪಲಿಲ್ಲ. ಹೊತ್ತು ಇನ್ನೂ ಒಂದಾಳೆತ್ತರ ಇರುವಾಗಲೇ ಗಂಡಹೆಂಡತಿ ಪಡಸಾಲೆಯಲ್ಲಿ ಎದುರಾಬದುರು ಕೂತು ಉಣ್ಣುವುದು, ಕಾಕಾ ಬಾಯಿತುಂಬ ರೊಟ್ಟಿ ಇಟ್ಟುಕೊಂಡು ಸಿಳ್ಳೆ ಹಾಕಲು ನೋಡುವುದು, ಕಾಕು ಬೈಯುವುದು. ಅಕ್ಕಪಕ್ಕದ ಹೊಲದವರೂ ನಮ್ಮ ಟೇಪು ಕೇಳಿ ತಮ್ಮ ಆಳುಗಳನ್ನು ಮನೆಗೆ ಬಿಡಲು ಶುರುಮಾಡಿದರು.

ಮಳೆಗಾಲ ಬಂತು. ಹೊಲ ಹಸಿ, ಟ್ರ್ಯಾಕ್ಟರಿಗೆ ಕೆಲಸ ಇಲ್ಲ. ಕಾಕಾ ಮನೆಯಲ್ಲೇ ಇದ್ದರು, ಹಾಡಿನ ಗರಜೂ ಇರಲಿಲ್ಲ. ದೀಪಾವಳಿ ಮುಗಿದು ಕಾರ್ಖಾನೆ ಚಾಲೂ ಆಯಿತು, ನಮ್ಮ ಕಬ್ಬಿಗೆ ಕಡಿಯುವ ಗ್ಯಾಂಗು ಬಂತು. ಪೆನ್‌ಡ್ರೈವ್ ಮತ್ತೆ ಟೇಪಿಗೆ ಬಂತು.

ಅವತ್ತು ಎರಡನೇ ಟ್ರಾಲಿ ತುಂಬುತ್ತಿದ್ದೆವು. ಸುತ್ತ ಕಬ್ಬು, ಮೇಲೆ ಕೈಯಗಲ ಆಕಾಶ. ಲಾವಣಿ ಇನ್ನೂ ಬಂದಿರಲಿಲ್ಲ. ಗ್ಯಾಂಗಿನ ಒಬ್ಬಳು ಹೆಣ್ಣುಮಗಳು ಕುಡಗೋಲು ಕೆಳಗಿಟ್ಟು ಸ್ವೆಟರ್ ಹಾಕಿಕೊಂಡಳು. ನನಗೆ ಯಾಕೋ ಅನುಮಾನ ಬಂತು.

"ಕಾಕಾ, ತಂಪ ಬಿತ್ತು. ಹೊತ್ತ ಇಳದೈತೇನ್ರಿ?"

"ಲೇ ಮಾರ್ತ್ಯಾ, ಇನ್ನ ಐದಾರ ಹಾಡ ಅದಾವು. ಇದೊಂದ ಸಾಲ ತುಂಬ್ರಿ" ಅಂದರು ನನಗೆ.

ನಾನು ಟ್ರಾಲಿಯ ಮೇಲೆ ಹತ್ತಿ ನೋಡಿದೆ. ಹೊತ್ತು ಕೆಂಪಗೆ ಹೊಳೆದಂಡೆಯ ಗಿಡಗಳಿಗೆ ಬಂದು ಆತುಕೊಂಡಿತ್ತು. ವೈಶಾಖದ ಹೊತ್ತಿಗೆ ಕಟ್ಟಿದ ಹಾಡಿನ ಸಾಲು ಕಾರ್ತಿಕಕ್ಕೆ ಹೇಗೆ ಹೊಂದೀತು? ದಿನ ಗಿಡ್ಡ ಆಗಿತ್ತು, ಹಾಡು ಅಷ್ಟೇ ಉದ್ದ ಇದ್ದವು. ಇಷ್ಟು ಮಂದಿ ಒಕ್ಕಲಿಗರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ.

"ಕಾಕಾ, ಮುಳುಗಾಕತ್ತೈತ್ರಿ!"

ಕಾಕಾರ ಸಿಳ್ಳೆ ನಿಂತಿತು. ಅವರ ಮುಖ ಹಾಗೆ ಬೆಳ್ಳಗಾದದ್ದು ನಾನು ಅದೇ ಮೊದಲು ನೋಡಿದ್ದು. "ಗುಳಿಗಿ ತಗೊಂಡಿರ್ತಾಳಲೇ" ಅಂದರು, ಅಷ್ಟೇ.

ಎರಡು ಟ್ರಾಲಿ ಕಟ್ಟಿಕೊಂಡು ಹಿಂದಕ್ಕೆ ತೆಗೆಯುವುದರಲ್ಲಿ ನನ್ನನ್ನು ಮೀರಿಸುವವರು ಈ ಭಾಗದಲ್ಲಿ ಕಡಿಮೆ, ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಆದರೆ ಅವತ್ತು ಅದಕ್ಕೂ ಪುರಸೊತ್ತು ಇರಲಿಲ್ಲ. ಪಿನ್ನು ಕಿತ್ತು ಟ್ರಾಲಿ ಅಲ್ಲೇ ಬಿಟ್ಟೆ, ಬರೀ ಇಂಜಿನ್ನು ಓಡಿಸಿದೆ. ಕಾಕಾ ಮಡ್‌ಗಾರ್ಡಿನ ಮೇಲೆ ಒಂದು ಕೈಯಲ್ಲಿ ಟೊಪ್ಪಿಗೆ, ಒಂದು ಕೈಯಲ್ಲಿ ನನ್ನ ಹೆಗಲು ಹಿಡಿದು ಕೂತಿದ್ದರು. ಟೇಪು ಬಂದ್ ಮಾಡುವುದು ಇಬ್ಬರಿಗೂ ನೆನಪಾಗಲಿಲ್ಲ. ಊರ ನಡುವೆ ನಾವು ಹಾಯುವಾಗ ಸರಿಯಾಗಿ ಲಾವಣಿ ಶುರುವಾಯಿತು. ಕಟ್ಟೆಯ ಮೇಲಿನವರು, "ಏನ್ ಕಾಕಾ, ಇಷ್ಟ ಅವಸರಾ?" ಅಂತ ಕೂಗಿದರು. ಕಾಕಾ, "ಬಾಜೂ ಆಗ್ರಲೇ!" ಅಂದರು.

ಕಾಕು ಪಡಸಾಲೆಯಲ್ಲಿ ಎರಡು ತಾಟು ಮುಚ್ಚಿಟ್ಟುಕೊಂಡು ಕಂಬಕ್ಕೆ ಒರಗಿ ಕೂತಿದ್ದರು. ಹಣೆಯ ಮೇಲೆ ಬೆವರು ಒಡೆದಿತ್ತು, ಕೈ ನಡುಗುತ್ತಿತ್ತು. ಅಂಥದರಲ್ಲೂ ಬಾಯಿ ಸುಮ್ಮನಿರಲಿಲ್ಲ.

"ಕೈಕಾಲ ತೊಳಕೊಂಡ ಬರ್ರಿ."

"ಅಷ್ಟರಾಗ ಮುಳುಗ್ತೈತಿ! ಬಾಯಿ ತಗಿ."

ಅಂಗಳದಲ್ಲಿ ನಾನಿದ್ದೆ, ಮಗ ಇದ್ದ, ಸೊಸೆ ಇದ್ದಳು, ಹಾಡು ಕೇಳಿ ಬೆನ್ನು ಹತ್ತಿದ ಹತ್ತಾರು ಮಂದಿ ಇದ್ದರು. ಅಷ್ಟೂ ಜನರ ಮುಂದೆ ಭೂಪಾಲ ಕಾಕಾ ಟೊಪ್ಪಿಗೆಗೆ ಕೈ ಒರೆಸಿಕೊಂಡು, ರೊಟ್ಟಿ ಮುರಿದು, ಹಾಲಲ್ಲಿ ಅದ್ದಿ, ಹೆಂಡತಿಯ ಬಾಯಿಗೆ ಇಟ್ಟರು. ಒಂದು ತುತ್ತು, ಇನ್ನೊಂದು ತುತ್ತು. "ನೀವೂ" ಅಂದರು ಕಾಕು. ಕಾಕಾ ತಾವೊಂದು ತುಣುಕು ಬಾಯಿಗೆ ಹಾಕಿಕೊಂಡು ಮತ್ತೆ ಅವರಿಗೆ ತಿನಿಸಿದರು. ಕಣ್ಣೆಲ್ಲ ಪಡುವಣಕ್ಕೆ. ಒಂದು ರೊಟ್ಟಿ, ಬಟ್ಟಲು ಹಾಲು ಕಾಕು ಹೊಟ್ಟೆಗೆ ಹೋಗುವುದಕ್ಕೂ ಹೊತ್ತಿನ ಕಡೆಯ ಅಂಚು ಕರಗುವುದಕ್ಕೂ ಸರಿಹೋಯಿತು. ಕಾಕಾರ ತಾಟು ಹಾಗೇ ಉಳಿಯಿತು. ಅವರು ಎದ್ದು ಮೀಸೆ ಒರೆಸಿಕೊಂಡು, "ಆಕಿದು ಆತು" ಅಂದರು. ಆಗ ಟ್ರ್ಯಾಕ್ಟರಿನಲ್ಲಿ ದೀಪದ ಹಾಡು ಶುರುವಾಯಿತು. ಕಾಕು ಮೊದಲು ನಕ್ಕರು, ಆಮೇಲೆ ಅಂಗಳಕ್ಕೆ ಅಂಗಳವೇ ನಕ್ಕಿತು.

ಮರುದಿನವೇ ಕಾಕಾ ಕಾಯದೆ ಮಾಡಿದರು. ಆಷಾಢದಿಂದ ಅಮಾಸಿಗೊಂದು ಹುಣ್ಣಿಮಿಗೊಂದು ಹಾಡು ತೆಗೆಯುವುದು, ಸಂಕ್ರಾಂತಿ ಆದ ಮೇಲೆ ಹಾಗೇ ಒಂದೊಂದು ಕೂಡಿಸುವುದು. ಆ ವರ್ಷದ್ದನ್ನು ಒಂದೇ ಸಲಕ್ಕೆ ಕತ್ತರಿಸಿದೆವು. ಮೊಬೈಲಿಗೆ ಪೆನ್‌ಡ್ರೈವ್ ಹಚ್ಚುವುದನ್ನು ಸಲೀಂಭಾಯಿಯಿಂದ ನಾನೇ ಕಲಿತುಕೊಂಡೆ. ಯಾವ ಹಾಡು ತೆಗೆಯಬೇಕು ಅನ್ನುವುದಕ್ಕೆ ಬದುವಿನ ಮೇಲೆ ಪಂಚಾಯತಿಯೇ ಆಗುತ್ತಿತ್ತು. ಆಳುಗಳು ಲಾವಣಿ ಬಿಟ್ಟುಕೊಡುತ್ತಿರಲಿಲ್ಲ. ಭಜನೆ ತೆಗೆದರೆ ಪಾಪ ಅನ್ನುವವರಿದ್ದರು. ಪ್ರತಿ ವರ್ಷ ಮೊದಲು ಹೋಗುತ್ತಿದ್ದದ್ದು ನನ್ನ ಹಾಡು. "ನಿನ್ನ ಹುಡುಗಿ ಹೆಂಗೂ ಕಾಯಾಕತ್ತಾಳ. ಇನ್ನೊಂದಿಷ್ಟ ತಿಂಗಳ ಕಾಯ್ಲಿ ಬಿಡು" ಅನ್ನುತ್ತಿದ್ದರು ಕಾಕಾ. ಅವರ ರೈಲಿನ ಹಾಡು ಮಾತ್ರ ಎಂದೂ ಹೋಗಲಿಲ್ಲ. ಮಾಲಕರದು ಅಂತ ಯಾರೂ ಅದರ ಸುದ್ದಿಗೆ ಹೋಗುತ್ತಿರಲಿಲ್ಲ.

ನಾನು ಸ್ವಂತ ಟ್ರ್ಯಾಕ್ಟರ್ ತಂದ ದಿನ ಕಾಕಾ ತಾವೇ ಬಂದು ಪೆನ್‌ಡ್ರೈವನ್ನು ನನ್ನ ಟೇಪಿಗೆ ಹಾಕಿದರು. "ಗಾಡಿ ನಿಂದು, ಹೊಲ ನಂದು, ಹೊತ್ತ ಇಬ್ಬರದು" ಅಂದರು. ಅವತ್ತಿನಿಂದ ಅವರ ಹೊಲ ನಾನೇ ಪಾಲಿಗೆ ಮಾಡುತ್ತಿದ್ದೇನೆ.

ಹೋದ ಶ್ರಾವಣದಲ್ಲಿ ಕಾಕಾ ಹಾಸಿಗೆ ಹಿಡಿದರು. ನೂಲ ಹುಣ್ಣಿಮೆ ಬಂತು, ಹಾಡು ತೆಗೆಯುವ ದಿನ. ಮೊಬೈಲಿಗೆ ಪೆನ್‌ಡ್ರೈವ್ ಹಚ್ಚಿಕೊಂಡು ಅವರ ಹತ್ತಿರ ಹೋಗಿ ಕೂತೆ.

"ಕಾಕಾ, ಯಾವದ ತಗೀಲ್ರಿ? ನಂದಂತೂ ಆಗಲೇ ಹೋಗೇತಿ."

"ನಂದ ತಗಿ" ಅಂದರು.

ನಾನು ಮೊಬೈಲು ಕೆಳಗಿಟ್ಟೆ.

"ಯಾಕಲೇ, ಮುಖ ಹಂಗ್ಯಾಕ ಮಾಡ್ತಿ? ಸಂಕ್ರಾಂತಿ ಆತಂದ್ರ ಮೊದ್ಲ ಹಾಕು. ಪಾಳಿ ಅಂದ್ರ ಪಾಳಿ." ಆಮೇಲೆ ಕಾಕು ಇದ್ದ ಅಡುಗೆಮನೆಯ ಕಡೆ ಕಣ್ಣು ಮಾಡಿ, ದನಿ ಸಣ್ಣ ಮಾಡಿ, "ಆಕಿದಕ್ಕ ಮಾತ್ರ ಕೈ ಹಚ್ಚಬ್ಯಾಡ" ಅಂದರು. ಅದೇ ನಮ್ಮ ಕಡೆಯ ಮಾತು. ಮುಂದಿನ ಅಮಾಸಿ ಕಾಣಲು ಅವರು ಉಳಿಯಲಿಲ್ಲ.

ಕಾಕಾ ಹೋದ ಮೇಲೆ ಕಾಕು ಉಣ್ಣುತ್ತಾರೋ ಇಲ್ಲವೋ ಅನ್ನುವ ಹೆದರಿಕೆ ಮನೆಯವರಿಗೂ ಇತ್ತು, ನನಗೂ ಇತ್ತು. ಕಾಕು ಸೊಸೆಗೆ ಒಂದೇ ಮಾತು ಹೇಳಿದರು: "ಗಾಡಿ ಬರ್ಲಿ." ಹಾಗಾಗಿ ನಾನು ದಿನಾ ದೀಪದ ಹಾಡಿಗೆ ಸರಿಯಾಗಿ ಟ್ರ್ಯಾಕ್ಟರನ್ನು ಅವರ ಅಂಗಳದ ಮುಂದೆ ತಂದು ನಿಲ್ಲಿಸುತ್ತೇನೆ. ಅವರು ತಾಟು ಎಳೆದುಕೊಳ್ಳುತ್ತಾರೆ. ಒಂದು ಹಾಡು ತಡವಾದರೆ, "ಯಾಕೋ, ನಿಂದೂ ಇದೊಂದ ಸಾಲ ಶುರು ಆತೇನು?" ಅಂತ ಬೈಯುತ್ತಾರೆ. ಒಮ್ಮೆ ಕೇಳಿದೆ, ಆಗೆಲ್ಲ ಯಾಕೆ ಮೊದಲು ಉಣ್ಣುತ್ತಿರಲಿಲ್ಲ ಅಂತ. ಕಾಕು ನಕ್ಕರು. "ನಾ ಉಂಡಿದ್ರ ನಿಮ್ಮ ಕಾಕಾ ಹೊಲ ಬಿಟ್ಟ ಬರ್ತಿದ್ರೇನೋ ಹುಚ್ಚಾ?"

ಸಂಕ್ರಾಂತಿ ಮುಗಿದ ಮೇಲೆ ಕಾಕಾ ಹೇಳಿದ ಹಾಗೆ ಮೊದಲು ಅವರ ಹಾಡು ಹಾಕಿದೆ. ಅವತ್ತು ಬೇಕಂತಲೇ ಸ್ವಲ್ಪ ಮೊದಲೇ ಅಂಗಳಕ್ಕೆ ಹೋದೆ. ರೈಲಿನ ಸಿಳ್ಳೆ ಬಂದಾಗ ಕಾಕು ಕೈಯಲ್ಲಿಯ ಮೊರ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, "ಇವತ್ತ ಲಗೂನೇ ಬಂದ್ರು ನೋಡು" ಅಂದರು. ಆಮೇಲೆ ಸೊಸೆಗೆ ತಾಟು ಹಚ್ಚಲು ಹೇಳಿದರು.

ಈಗ ನನ್ನ ಹತ್ತಿರ ಸ್ವಂತ ಟ್ರ್ಯಾಕ್ಟರ್ ಒಂದು, ಟ್ರಾಲಿ ಎರಡು, ಎಮ್ಮೆ ಎರಡು, ಪಾಲಿನ ಹೊಲ ನಾಲ್ಕು ಎಕರೆ, ಸಾಲಿಗೆ ಹೋಗುವ ಮಗಳು ಒಬ್ಬಳು, ಪೆನ್‌ಡ್ರೈವ್ ಒಂದು. ಅದರಲ್ಲಿ ಹಾಡು ಹತ್ತೊಂಬತ್ತು. ಬರುವ ಅಮಾಸಿಗೆ ಇಪ್ಪತ್ತು.